ಆಫ್ರಿಕಾದ ಪತಂಗ, ಸಿಡ್ನಿಯ ಚೀಟಿ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಎಂದೊಡನೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಕಾಂಗರೂ ನೋಡಿದಿರಾ ಎಂದು. ನೋಡಿದೆ, ರಸ್ತೆ ಬದಿಯ ಹಳದಿ ಫಲಕದ ಮೇಲೆ. ಸಿಡ್ನಿಯ ಹೆಸರಾಂತ ಸೇತುವೆಯನ್ನೂ ನೋಡಿದೆ, ಬಸ್ಸಿನಲ್ಲಿ ನನ್ನ ಮುಂದೆ ನಿಂತಿದ್ದವರ ಕಂಕುಳ ಸಂದಿಯಿಂದ. ನಾನು ಹೋದದ್ದು ಬೇರೆ ಕೆಲಸಕ್ಕೆ. ಸತ್ತು ಎಷ್ಟೋ ಕಾಲವಾದ, ಸೂಜಿಗೆ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಒಂದು ಪತಂಗವನ್ನು ಕಣ್ಣಾರೆ ನೋಡಬೇಕಿತ್ತು. ಆಮೇಲೆ ಒಬ್ಬ ಹೆಂಗಸಿನ ಎದುರು ಕೂತು ನನ್ನದು ತಪ್ಪಾಯಿತು ಎಂದು ಹೇಳಬೇಕಿತ್ತು. ಮೊದಲನೆಯದಕ್ಕೆ ವೀಸಾ ಸಾಕು, ಎರಡನೆಯದಕ್ಕೆ ಸ್ವಲ್ಪ ಧೈರ್ಯವೂ ಬೇಕಿತ್ತು.

ಮೂವತ್ತು ವರ್ಷದ ಹಿಂದೆ ನಾನು ಶಿಡ್ಲಘಟ್ಟದ ಕಡೆಯ ಒಂದು ಕಾಲೇಜಿನಲ್ಲಿ ರೇಷ್ಮೆ ಕೃಷಿ ಪಾಠ ಮಾಡುತ್ತಿದ್ದೆ. ಕನ್ನಡದಲ್ಲಿ ಒಂದು ಪಠ್ಯಪುಸ್ತಕವನ್ನೂ ಬರೆದಿದ್ದೆ. ಅದರಲ್ಲಿ ಕಾಡು ರೇಷ್ಮೆ ಪತಂಗಗಳ ಅಧ್ಯಾಯವಿದೆ. ಅಲ್ಲಿ ಬುನಿಯಾ ಆಲ್ಸಿನೋಯಿ ಎಂಬ ಆಫ್ರಿಕಾದ ದೊಡ್ಡ ಪತಂಗದ ಬಗ್ಗೆ ಬರೆಯುತ್ತ, 'ಇದು ಆಫ್ರಿಕಾದಲ್ಲೂ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲೂ ಕಂಡುಬರುತ್ತದೆ' ಎಂದುಬಿಟ್ಟೆ. ಆಧಾರವೇನೆಂದರೆ, ಬೆಂಗಳೂರಿನ ಗ್ರಂಥಾಲಯದಲ್ಲಿ ಸಿಕ್ಕಿದ ಒಂದು ಹಳೆಯ ಪಟ್ಟಿಯ ಜೆರಾಕ್ಸ್. ಸಿಡ್ನಿಯ ಸಂಗ್ರಹವೊಂದರ ಪಟ್ಟಿ ಅದು. ಪತಂಗದ ಹೆಸರಿನ ಎದುರು ಸಿಡ್ನಿ ಎಂದಿತ್ತು. ಬೇರೆ ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿ ನನಗೆ ಸಿಕ್ಕಿತೆಂದು ಹಿಗ್ಗಿಹೋಗಿ, ತರಗತಿಯಲ್ಲೂ ಆ ಪಟ್ಟಿಯನ್ನು ತೋರಿಸಿದ್ದೆ. ಬೇರೆ ಯಾವ ಪುಸ್ತಕದಲ್ಲೂ ಯಾಕಿಲ್ಲ ಎಂದು ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ.

ಆ ವರ್ಷದ ಕಿರುಪರೀಕ್ಷೆಯಲ್ಲಿ ಪುಷ್ಪಲತಾ ಎಂಬ ಹುಡುಗಿ 'ಆಫ್ರಿಕಾದಲ್ಲಿ ಮಾತ್ರ' ಎಂದು ಬರೆದಳು. ನಾನು ಅಂಕ ಕತ್ತರಿಸಿದೆ. ಉತ್ತರಪತ್ರಿಕೆ ಹಂಚುವಾಗ ಅವಳು ಎದ್ದು ನಿಂತು, "ಮೇಡಂ, ಸಿಡ್ನಿ ಅನ್ನೋದು ಅದು ಹುಟ್ಟಿದ ಊರಲ್ದೆ ಇರಬಹುದು, ಕೊಂಡ್ಕೊಂಡ ಊರಿರಬಹುದು. ನಮ್ಮ ಗೂಡಿನ ಮಾರ್ಕೆಟ್ಟಲ್ಲಿ ಹಾಗೇ ಆಗುತ್ತೆ" ಎಂದಳು. ಅವಳ ಮಾತು ನಿಜ. ಚಿಂತಾಮಣಿಯ ಕಡೆ ಬೆಳೆದ ರೇಷ್ಮೆ ಗೂಡು ಶಿಡ್ಲಘಟ್ಟದಲ್ಲಿ ಹರಾಜಾದರೆ ಮುಂದೆ ಹೋದಲ್ಲೆಲ್ಲ ಅದು ಶಿಡ್ಲಘಟ್ಟದ ಗೂಡೇ. ಅವಳ ತಂದೆ ಅದೇ ಮಾರುಕಟ್ಟೆಯಲ್ಲಿ ಹರಾಜಿಗೆ ಬಂದ ಒಂದೊಂದು ಲಾಟಿಗೂ, ಅಂದರೆ ಗೂಡಿನ ರಾಶಿಗೂ, ಚೀಟಿ ಬರೆಯುವವರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಾನು, "ಮಾರ್ಕೆಟ್ ಬುದ್ಧಿ ಮಾರ್ಕೆಟ್ಟಲ್ಲೇ ಇರ್ಲಿ. ಇಲ್ಲಿ ವಿಜ್ಞಾನ ನಡೀತಿದೆ" ಎಂದೆ. ನಲವತ್ತು ಮಕ್ಕಳು ನಕ್ಕರು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ವಯಸ್ಸು ನನ್ನದು. ಹುಡುಗಿ ಕೂತಳು. ಆಮೇಲೆ ನನ್ನ ತರಗತಿಯಲ್ಲಿ ಅವಳು ಬಾಯಿ ತೆರೆದದ್ದು ಹಾಜರಿಗೆ ಮಾತ್ರ.

ನಿವೃತ್ತಿಯಾದ ಮೇಲೆ ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕುವ ಮಾತು ಬಂತು. ಕರಡು ತಿದ್ದುವಾಗ ಹೊಸ ನಕ್ಷೆಗಳನ್ನೆಲ್ಲ ತೆಗೆದು ನೋಡಿದೆ. ಸಹಾರಾದಿಂದ ಕೆಳಗೆ ಆಫ್ರಿಕಾದ ತುಂಬ ಈ ಪತಂಗವಿದೆ, ಆಸ್ಟ್ರೇಲಿಯಾದಲ್ಲಿ ಒಂದು ಚುಕ್ಕೆಯೂ ಇಲ್ಲ. ಸಾಲನ್ನು ಹೊಡೆದುಹಾಕಿ ಮುಂದೆ ಹೋಗಬಹುದಿತ್ತು. ಆದರೆ ಅಂದು ಜೆರಾಕ್ಸ್ ನಂಬಿ ಬರೆದವಳು ಇಂದು ನಕ್ಷೆ ನಂಬಿ ಹೊಡೆದುಹಾಕಿದರೆ ಏನು ಕಲಿತಂತಾಯಿತು? ಈ ಸಲ ಸೂಜಿಯ ಕೆಳಗಿನ ಚೀಟಿಯನ್ನೇ ನೋಡುತ್ತೇನೆ ಎಂದು ಪಟ್ಟು ಹಿಡಿದೆ. ಸಿಡ್ನಿಯ ಸಂಗ್ರಹಾಲಯಕ್ಕೆ ಎಂಟು ತಿಂಗಳಲ್ಲಿ ಮೂರು ಇಮೇಲ್ ಬರೆದು ಅನುಮತಿ ಪಡೆದೆ. ಪುಷ್ಪಲತಾ ಮೆಲ್ಬರ್ನ್‌ನಲ್ಲಿದ್ದಾಳೆಂದು ಅವಳ ಜೊತೆ ಓದಿದವರಿಂದ ತಿಳಿದಾಗ, ದಾರಿ ತಾನಾಗಿ ತೆರೆದಂತಾಯಿತು.

ಸಿಡ್ನಿ, ವಿಮಾನ ನಿಲ್ದಾಣ

ನಮ್ಮ ಕಡೆ ಗಣ್ಯರಿಗೆ ರೇಷ್ಮೆ ಗೂಡಿನ ಹಾರ ಹಾಕುವುದು ವಾಡಿಕೆ. ಪುಷ್ಪಲತಾಳಿಗೆಂದು ನಾನೂ ಒಂದನ್ನು ಒಯ್ದಿದ್ದೆ. ಹೊರಡುವ ಹಿಂದಿನ ದಿನ ಗಡಿಬಿಡಿಯಲ್ಲಿ ಕೊಂಡದ್ದು. ಆಸ್ಟ್ರೇಲಿಯಾದವರು ಹುಳುಹುಪ್ಪಟೆ, ಬೀಜ, ಮಣ್ಣಿನ ವಿಷಯದಲ್ಲಿ ಬಲು ಕಟ್ಟುನಿಟ್ಟು ಎಂದು ಕೇಳಿದ್ದರಿಂದ ಫಾರಂನಲ್ಲಿ ಪ್ರಾಮಾಣಿಕವಾಗಿ ಬರೆದೆ. ಅಧಿಕಾರಿಣಿ ಹಾರವನ್ನು ಮೇಜಿನ ಮೇಲೆ ಹರಡಿ, ಒಳಗೆ ಏನಾದರೂ ಇದೆಯೇ ಎಂದು ಕೇಳಿದಳು.

"ಏನೂ ಇಲ್ಲ, ಬರೀ ಗೂಡು" ಎಂದೆ. ಹೇಳುತ್ತಲೇ ಒಂದು ಗೂಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಅದು ನನ್ನ ಜೀವಮಾನದ ಅಭ್ಯಾಸ. ಗೂಡು ಕೈಗೆ ಬಂದರೆ ಅಲ್ಲಾಡಿಸಿ ಕೇಳದೆ ಇಡುವವರು ನಮ್ಮ ಸೀಮೆಯಲ್ಲಿ ಇಲ್ಲ. ಗೂಡು ಗಲಗಲ ಎಂದಿತು. ಒಳಗೆ ಪ್ಯೂಪಾ, ಅಂದರೆ ಪತಂಗವಾಗುವ ಮೊದಲೇ ಒಣಗಿದ ಹುಳು, ಇತ್ತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಮೂವತ್ತು ವರ್ಷ ರೇಷ್ಮೆ ಪಾಠ ಹೇಳಿದವಳು ನನ್ನ ಮೇಲೆ ನಾನೇ ಸಾಕ್ಷಿ ನುಡಿದಿದ್ದೆ.

ಹಾರ ಅವರ ಡಬ್ಬಿ ಸೇರಿತು. ಬರೆದು ತಿಳಿಸಿದ್ದಕ್ಕೆ ಅವಳು ನನಗೆ ಥ್ಯಾಂಕ್ಸ್ ಹೇಳಿದಳು. ಬೈಸಿಕೊಳ್ಳಲು ತಯಾರಾಗಿ ನಿಂತವರಿಗೆ ಥ್ಯಾಂಕ್ಸ್ ಹೇಳಿದರೆ ಎಷ್ಟು ಕಸಿವಿಸಿಯಾಗುತ್ತದೆ ಎಂದು ಅವತ್ತು ತಿಳಿಯಿತು.

ಸಿಡ್ನಿ, ಬಸ್ ಸ್ಟಾಪು

ಉಳಿದುಕೊಂಡದ್ದು ಅಕ್ಕನ ಮಗಳು ಸ್ಮಿತಾಳ ಮನೆಯಲ್ಲಿ. ಅವಳು ಇಲ್ಲಿ ಐಟಿ ಕೆಲಸಕ್ಕೆ ಬಂದು ಹತ್ತು ವರ್ಷವಾಗಿದೆ. ನನ್ನ ಕಾರ್ಯಕ್ರಮ ಕೇಳಿ ಚಪಾತಿ ಲಟ್ಟಿಸುತ್ತಿದ್ದ ಕೈ ನಿಲ್ಲಿಸಿದಳು.

"ಚಿಕ್ಕಮ್ಮ, ಇಷ್ಟು ದೂರ ಬಂದಿರೋದು ಒಂದು ಹುಳ ನೋಡೋಕಾ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು."

"ಇಲಿ ಹಿಡಿಯೋಕೆ ಬಂದಿದೀನಿ ಅಂತ ಮೊದಲೇ ಗೊತ್ತಿದ್ರೆ ಅದು ನಷ್ಟ ಅಲ್ಲ ಕಣೆ."

"ಫೋಟೋ ಕಳಿಸಿ ಅಂದಿದ್ರೆ ಕಳಿಸ್ತಿದ್ರು. ಒಂದು ಇಮೇಲ್ ಸಾಕಿತ್ತು. ಹೋಗ್ಲಿ, ವೀಕೆಂಡ್ ತನಕ ಕಾಯಿರಿ, ನಾನೇ ಡ್ರಾಪ್ ಮಾಡ್ತೀನಿ."

ಕಾಯಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬಳೇ ಬಸ್ ಸ್ಟಾಪಿನಲ್ಲಿ ನಿಂತೆ. ಬಸ್ಸು ಬಂತು, ನನ್ನನ್ನು ದಾಟಿ ಹೋಯಿತು. ಎರಡನೆಯದೂ ಹೋಯಿತು. ನಮ್ಮಲ್ಲಿ ಸ್ಟಾಪಿನಲ್ಲಿ ನಿಂತವರನ್ನು ಕಂಡರೆ ಬಸ್ಸು ಐವತ್ತು ಮಾರು ಮುಂದೆ ಹೋಗಿಯಾದರೂ ನಿಲ್ಲುತ್ತದೆ, ನಾವು ಓಡುತ್ತೇವೆ, ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ. ಇಲ್ಲಿ ಕೈ ಚಾಚದಿದ್ದರೆ ನೀವು ಗಾಳಿ ಸೇವನೆಗೆ ನಿಂತವರೆಂದು ಅವರ ನಂಬಿಕೆ. ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದ ಮುದುಕಿ ಇದನ್ನೆಲ್ಲ ನೋಡುತ್ತಲೇ ಇದ್ದಳು, ಏನೂ ಹೇಳಲಿಲ್ಲ. ಕೇಳದೆ ಬುದ್ಧಿ ಹೇಳುವುದು ಇಲ್ಲಿ ಅಸಭ್ಯತನವಂತೆ. ನಮ್ಮೂರಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಸೇರಿ ನನ್ನನ್ನು ತಪ್ಪು ಬಸ್ಸಿಗಾದರೂ ಹತ್ತಿಸಿರುತ್ತಿದ್ದರು. ಮೂರನೆಯ ಬಸ್ಸಿಗೆ ನಾನು ಟ್ರಾಫಿಕ್ ಪೊಲೀಸಿನಂತೆ ತೋಳನ್ನು ಪೂರ್ತಿ ಚಾಚಿದೆ. ಬಸ್ಸು ನನ್ನ ಕಾಲ ಬುಡದಲ್ಲೇ ನಿಂತಿತು. ಆಗ ಮುದುಕಿ "ಗುಡ್ ಆನ್ ಯೂ", ಅಂದರೆ ಭೇಷ್, ಎಂದು ನಕ್ಕಳು.

ಸಿಡ್ನಿ, ಸಂಗ್ರಹದ ಕೋಣೆ

ಸಂಗ್ರಹಾಲಯದಲ್ಲಿ ನನಗಾಗಿ ಕಾದಿದ್ದವಳು ತೆಂಡಾಯಿ. ಪತಂಗಗಳ ಕಪಾಟುಗಳನ್ನು ನೋಡಿಕೊಳ್ಳುವ ನಲವತ್ತರ ಆಸುಪಾಸಿನ ಹೆಂಗಸು, ಹುಟ್ಟೂರು ಜಿಂಬಾಬ್ವೆ. ಒಳಗಿನ ಕೋಣೆ ತಣ್ಣಗಿತ್ತು. ನಮ್ಮ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆ ಇಡುವ ಶೀತಗೃಹದ ನೆನಪಾಗಿ ಒಂದು ಗಳಿಗೆ ಊರಿಗೇ ಬಂದಂತಾಯಿತು.

ತೆಂಡಾಯಿ ಒಂದು ಗಾಜಿನ ಡ್ರಾಯರನ್ನು ಎಳೆದು ಮೇಜಿನ ಮೇಲಿಟ್ಟಳು. ಅಲ್ಲಿತ್ತು. ಪುಸ್ತಕದಲ್ಲಿ ಬರೆದೆ, ಪಾಠ ಮಾಡಿದೆ, ಅಂಕ ಕತ್ತರಿಸಿದೆ, ಆದರೆ ಜೀವಮಾನದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ಗೇಣಿಗೆ ಸ್ವಲ್ಪ ಕಡಿಮೆ ಅಗಲ. ಇಟ್ಟಿಗೆ ಪುಡಿಯ ಬಣ್ಣದ ರೆಕ್ಕೆ, ಹಿಂರೆಕ್ಕೆಯಲ್ಲಿ ಕಿತ್ತಳೆ ಬಣ್ಣದ ಕಣ್ಣು. ನನಗೆ ನಾಚಿಕೆಯಾಯಿತು. ಹೆಣ್ಣು ನೋಡದೆ ಜಾತಕ ಬರೆದ ಜೋಯಿಸನ ಹಾಗೆ ಇಷ್ಟು ವರ್ಷ ಇದರ ಬಗ್ಗೆ ಮಾತಾಡಿದ್ದೆ.

"ನಮ್ಮಜ್ಜಿ ಇದರ ಹುಳು ಆರಿಸುತ್ತಿದ್ದಳು" ಎಂದಳು ತೆಂಡಾಯಿ. "ಇದರದ್ದು, ಇದರ ನಂಟರದ್ದು, ಎಲ್ಲ. ಒಣಗಿಸಿ ವರ್ಷವಿಡೀ ತಿನ್ನುತ್ತಿದ್ದೆವು. ಪ್ರತಿ ಹುಳುವಿಗೂ ಒಂದು ಹೆಸರಿತ್ತು. ಪಕ್ಕದ ಊರಿಗೆ ಹೋದರೆ ಇನ್ನೊಂದು ಹೆಸರು."

"ಪತಂಗಕ್ಕೆ ಏನು ಹೆಸರು?"

"ಪತಂಗಕ್ಕಾ? ಅದನ್ನು ಯಾರು ತಿನ್ನುತ್ತಾರೆ?" ಎಂದು ನಕ್ಕಳು.

ನಮ್ಮ ರೈತರೂ ಹಾಗೆಯೇ ಎಂದು ಹೇಳಿದೆ. ಹುಳು ಪೊರೆ ಬಿಡಲು ಮಲಗಿದರೆ ಅವರು ಜ್ವರ ಎನ್ನುತ್ತಾರೆ, ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾರೆ, ಗೂಡು ಕಟ್ಟಲು ತಯಾರಾದರೆ ಹಣ್ಣಾಯಿತು ಎನ್ನುತ್ತಾರೆ. ಪತಂಗ ಮಾತ್ರ ಬರೀ ಚಿಟ್ಟೆ. ಯುರೋಪಿನವರಿಗೆ ಹುಳುವಿನ ಹಂಗಿರಲಿಲ್ಲ. ಅವರು ಸತ್ತ ಪತಂಗವನ್ನು ನೋಡಿ ಗ್ರೀಕ್ ಕಥೆಯ ಹೆಣ್ಣೊಬ್ಬಳ ಹೆಸರಿಟ್ಟರು. ಇದು ಸೇರಿದ ಪತಂಗಗಳ ಮನೆತನಕ್ಕೆ ಅವರಿಟ್ಟ ಹೆಸರು ರೇಷ್ಮೆ ಪತಂಗ. ಆದರೆ ಇದರ ಹುಳು ಗೂಡೇ ಕಟ್ಟುವುದಿಲ್ಲ, ಮಣ್ಣಿಗಿಳಿದು ಪ್ಯೂಪಾ ಆಗುತ್ತದೆ. ಇದನ್ನು ಹೇಳಿದಾಗ ತೆಂಡಾಯಿ, "ಅಜ್ಜಿಯನ್ನು ಕೇಳಿದ್ದರೆ ಸರಿಯಾದ ಹೆಸರು ಕೊಡುತ್ತಿದ್ದಳು" ಎಂದಳು.

ಆಮೇಲೆ ಅವಳು ಸೂಜಿಯನ್ನು ಮೆಲ್ಲಗೆ ಎತ್ತಿ ಕೆಳಗಿನ ಚೀಟಿಯನ್ನು ನನ್ನ ಕಡೆ ತಿರುಗಿಸಿದಳು. ಕಂದಿದ ಶಾಯಿಯಲ್ಲಿ ಸಿಡ್ನಿ ಎಂದಿತ್ತು, ಪಕ್ಕದಲ್ಲಿ ಒಬ್ಬನ ಸಹಿ. ಹಿಡಿದ ಕಾಡಿಲ್ಲ, ಹಿಡಿದವನಿಲ್ಲ, ತಿಂಗಳಿಲ್ಲ. ನಾನು ಸ್ವಲ್ಪ ಹೊತ್ತು ನೋಡಿ, ಇದೇ ಕೈಬರಹದ ಬೇರೆ ಚೀಟಿಗಳಿವೆಯೇ ಎಂದು ಕೇಳಿದೆ. ಅವಳಿಗೆ ಖುಷಿಯಾದದ್ದು ಕಂಡಿತು. ಇನ್ನೆರಡು ಡ್ರಾಯರು ತಂದಳು. ದಕ್ಷಿಣ ಅಮೆರಿಕದ ಉಕ್ಕಿನ ನೀಲಿಯ ಚಿಟ್ಟೆ, ಅದರ ಕೆಳಗೂ ಸಿಡ್ನಿ, ಅದೇ ಸಹಿ. ಮಲಯದ ಕಾಡಿನ ಕೊಂಬಿನ ದುಂಬಿ, ಅದರ ಕೆಳಗೂ ಸಿಡ್ನಿ. ಹಡಗಿನವರು ದೇಶದೇಶಗಳಿಂದ ತಂದದ್ದನ್ನು ಕೊಂಡು ಮಾರುತ್ತಿದ್ದ ವ್ಯಾಪಾರಿ ಅವನು. ಚೀಟಿಯಲ್ಲಿದ್ದದ್ದು ಅವನ ಅಂಗಡಿಯ ಊರು.

"ನಮ್ಮ ರಿಜಿಸ್ಟರಿನಲ್ಲಿ ಮೊದಲಿಂದಲೂ ಹಾಗೇ ಬರೆದಿದೆ" ಎಂದು ತೆಂಡಾಯಿ ತೋರಿಸಿದಳು. ವ್ಯಾಪಾರಿಯಿಂದ ಬಂದದ್ದು, ಮೂಲ ತಿಳಿಯದು. ಅಂದರೆ ಅವರು ಯಾರೂ ತಪ್ಪಿರಲಿಲ್ಲ. ಜೆರಾಕ್ಸಿನ ಒಂದು ಹಾಳೆ ನೋಡಿ ಉಳಿದದ್ದನ್ನು ಊಹಿಸಿದವಳು ನಾನೊಬ್ಬಳೇ. ಇಡೀ ಶಿಡ್ಲಘಟ್ಟದ ಮಾರುಕಟ್ಟೆಗೆ ಅರ್ಥವಾಗುತ್ತಿದ್ದ ಸಂಗತಿ, ಅಲ್ಲಿಗೆ ಮೂರು ಮೈಲಿ ದೂರದಲ್ಲಿ ಪಾಠ ಮಾಡುತ್ತಿದ್ದ ನನಗೆ ಅರ್ಥವಾಗಿರಲಿಲ್ಲ. ಇಪ್ಪತ್ತು ವರ್ಷದ ಹುಡುಗಿ ಎದ್ದು ನಿಂತು ಬಿಡಿಸಿ ಹೇಳಿದಾಗಲೂ ಅರ್ಥ ಮಾಡಿಕೊಳ್ಳಲಿಲ್ಲ. ಪತಂಗದ್ದೂ ಚೀಟಿಯದ್ದೂ ಫೋಟೋ ತೆಗೆದುಕೊಂಡೆ.

ಮೆಲ್ಬರ್ನ್‌ಗೆ ಹೋಗುವ ರೈಲು

ವಿಮಾನದಲ್ಲಿ ಒಂದೂವರೆ ಗಂಟೆ, ರೈಲಿನಲ್ಲಿ ಇಡೀ ಹಗಲು. ನಾನು ರೈಲನ್ನೇ ಹಿಡಿದೆ. ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳಲು ಹೊತ್ತು ಬೇಕಿತ್ತು. ಸ್ಮಿತಾ ತಲೆ ಚಚ್ಚಿಕೊಂಡು ಚಿತ್ರಾನ್ನ ಕಟ್ಟಿಕೊಟ್ಟಳು.

ಪಕ್ಕದಲ್ಲಿ ಕೂತವರು ಕುರಿ ಉಣ್ಣೆ ಕತ್ತರಿಸುವ ಕೆಲಸ ಮಾಡಿ ನಿವೃತ್ತರಾದ ಒಬ್ಬ ಯಜಮಾನರು. ಇದು ನನಗೆ ಗೊತ್ತಾದದ್ದು ಐದು ಗಂಟೆಯ ಪ್ರಯಾಣದ ನಂತರ. ಅಲ್ಲಿಯವರೆಗೆ ಇಬ್ಬರ ನಡುವೆ ನಡೆದದ್ದು ಒಂದು ಗುಡ್ ಮಾರ್ನಿಂಗ್ ಮಾತ್ರ. ನಮ್ಮ ರೈಲಿನಲ್ಲಾದರೆ ಯಲಹಂಕ ದಾಟುವುದರೊಳಗೆ ಯಾವೂರು, ಏನು ಕೆಲಸ, ಎಷ್ಟು ಮಕ್ಕಳು, ಮಗಳಿಗೆ ಗಂಡು ಗೊತ್ತಾಯಿತೆ, ಎಲ್ಲ ಮುಗಿದಿರುತ್ತದೆ. ಬೆಳಗಿನಿಂದ ನಾನು ಬಾಯೊಳಗೇ ಏನನ್ನೋ ಒಪ್ಪಿಸುತ್ತಿದ್ದದ್ದನ್ನು ನೋಡಿ ನೋಡಿ ಅವರಿಗೂ ಕೊನೆಗೆ ತಡೆಯಲಾಗಲಿಲ್ಲ. ಪ್ರಾರ್ಥನೆಯೇ ಎಂದು ಕೇಳಿದರು.

ಪ್ರಾರ್ಥನೆಯಲ್ಲ, ಕ್ಷಮೆ ಕೇಳುವ ಅಭ್ಯಾಸ ಎಂದೆ. ಕಥೆಯನ್ನೂ ಹೇಳಿದೆ. ಅವರು ಪದಬಂಧದ ಪುಸ್ತಕ ಮುಚ್ಚಿ ಪೂರ್ತಿ ಕೇಳಿದರು.

"ಟೀ ಬರುವ ಮೊದಲೇ ಹೇಳಿಬಿಡಿ" ಎಂದರು. "ಟೀ ಬಂದ ಮೇಲೆ ಎಲ್ಲರೂ ತುಂಬ ಸಭ್ಯರಾಗಿಬಿಡುತ್ತಾರೆ. ನಾನು ನನ್ನ ತಮ್ಮನಿಗೆ ಹೇಳಬೇಕಾದದ್ದು ಹಾಗೇ ಉಳಿಯಿತು."

ಮತ್ತೆ ಪುಸ್ತಕ ತೆರೆದರು. ಹೊರಗೆ ಹಸಿರು ಬಯಲಿನಲ್ಲಿ ಕುರಿಗಳು, ಮತ್ತೆ ಕುರಿಗಳು. ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಬಿಟ್ಟು ಮೂರೇ ವಾಕ್ಯ ಉಳಿಸಿಕೊಂಡೆ.

ಕ್ಲೇಟನ್

ಪುಷ್ಪಲತಾ ಈಗ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಾಳೆ. ಊಟದ ವಿರಾಮದಲ್ಲಿ ಮೆಲ್ಬರ್ನ್‌ನ ಕ್ಲೇಟನ್ ಬಡಾವಣೆಯ ಸ್ಟೇಷನ್ ಹತ್ತಿರದ ಕೆಫೆಗೆ ಬರುತ್ತೇನೆ ಎಂದಿದ್ದಳು. ನಾನು ಬಸ್ಸಿನಲ್ಲಿ ಹೋದೆ. ಬಸ್ಸಿನ ತುಂಬ ನಮ್ಮ ಕಡೆಯ ವಿದ್ಯಾರ್ಥಿಗಳು. ಒಬ್ಬೊಬ್ಬರೂ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಯೂ ಎಂದು ಕೂಗಿ ಇಳಿಯುತ್ತಿದ್ದರು. ಹಾಸನದ ಹುಡುಗಿಯೊಬ್ಬಳು ಅಕ್ಕಿ ಮೂಟೆ ಹೊತ್ತುಕೊಂಡೇ ಹಾಗೆ ಕೂಗಿದಳು. ನಾನೂ ಇಳಿಯುವಾಗ ಗಟ್ಟಿಯಾಗಿ ಕೂಗಿದೆ.

ಗುರುತು ಹಿಡಿದವಳು ಅವಳೇ. ಕೂದಲು ಅರ್ಧ ಬೆಳ್ಳಗಾಗಿತ್ತು, ಕುತ್ತಿಗೆಯಲ್ಲಿ ಆಸ್ಪತ್ರೆಯ ಗುರುತಿನ ಚೀಟಿ. "ಸರೋಜಾ ಮೇಡಂ" ಎಂದು ಕಾಲಿಗೆ ಬಗ್ಗಿದಳು. ನಾನು ತಡೆದೆ. ಕಾಫಿ ಹೇಳಿ ಕೂತಳು. ಕಾಫಿ ಬರುವ ಮೊದಲೇ ನಾನು ಫೋಟೋ ತೆಗೆದು ಅವಳ ಮುಂದಿಟ್ಟು ಮೂರು ವಾಕ್ಯ ಹೇಳಿಬಿಟ್ಟೆ. ನೀನು ಹೇಳಿದ್ದು ಸರಿ. ನಾನು ಅಂಕ ಕತ್ತರಿಸಿದ್ದು ತಪ್ಪು. ನಾನು ಆಡಿದ ಮಾತು ಅದಕ್ಕಿಂತ ದೊಡ್ಡ ತಪ್ಪು.

ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು.

"ಮಾರ್ಕಿಂದು ನನಗೆ ಮರ್ತೇ ಹೋಗಿತ್ತು ಮೇಡಂ. ಆಮೇಲೆ ಮೈಕ್ರೋಬಯಾಲಜಿಗೆ ಹೋದೆ, ಮದುವೆ, ಇಲ್ಲೇ ಇರೋಕೆ ಪಿಆರ್, ಮಕ್ಕಳು. ನನಗೇನೂ ಕಮ್ಮಿ ಆಗಿಲ್ಲ."

"ಮತ್ತೆ ಆ ಮಾತು?"

"ಅದು ಮರ್ತಿಲ್ಲ" ಎಂದಳು. ಕಾಫಿ ಬಂತು. ಅವಳು ಅದನ್ನು ಬದಿಗೆ ಸರಿಸಿದಳು. "ಅವತ್ತು ಪ್ರಾಕ್ಟಿಕಲ್ ಇತ್ತಲ್ಲ, ಅದಕ್ಕೆ ಗೂಡು ತಂದುಕೊಡೋಕೆ ಅಪ್ಪ ಬಂದಿದ್ರು. ಕ್ಲಾಸ್ ಬಾಗಿಲ ಹೊರಗೇ ನಿಂತಿದ್ರು. ನೀವು ಹೇಳಿದ್ದು, ಎಲ್ಲರೂ ನಕ್ಕಿದ್ದು, ಎಲ್ಲ ಕೇಳಿಸಿಕೊಂಡ್ರು. ಮನೇಲಿ ಒಂದು ಮಾತಾಡ್ಲಿಲ್ಲ. ಆದ್ರೆ ಮತ್ತೆ ಕಾಲೇಜ್ ಕಡೆ ಬರ್ಲಿಲ್ಲ. ನನ್ನ ಡಿಗ್ರಿ ಫಂಕ್ಷನ್‌ಗೂ ಬರ್ಲಿಲ್ಲ."

ನನಗೆ ನೆನಪಾಯಿತು. ಕಾಲೇಜಿಗೆ ಪ್ರತಿ ವರ್ಷ ಪ್ರಾಕ್ಟಿಕಲ್‌ಗೆ ಗೂಡು ತಂದುಕೊಡುತ್ತಿದ್ದ ಅವಳ ತಂದೆ ಮುನಿನಾರಾಯಣಪ್ಪನವರು ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದ್ದರು. ಮಾರುಕಟ್ಟೆಯವರಿಗೆ ಕೊಬ್ಬು ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆಯನ್ನು ಎಷ್ಟು ಸಲ ಬೇರೆಯವರಿಗೆ ಹೇಳಿದ್ದೇನೋ.

"ಈಗ ಅವರು..." ಎಂದೆ, ಮುಂದೆ ಕೇಳಲು ಹೆದರಿಕೆಯಾಗಿ.

"ಇಲ್ಲೇ ಇದಾರೆ ಮೇಡಂ, ನಮ್ಮ ಜೊತೆ, ಕ್ರಾನ್‌ಬರ್ನ್‌ನಲ್ಲಿ. ಎಂಬತ್ತೆರಡು. ಬ್ಯಾಕ್‌ಯಾರ್ಡಲ್ಲಿ ಮೆಣಸಿನಕಾಯಿ ಗಿಡ ಹಾಕ್ಕೊಂಡು ಆರಾಮಾಗಿದಾರೆ. ನೀವು ಬರ್ತೀರ ಅಂತ ಹೇಳಿದೆ. ಬರ್ಲಿ ಅಂದ್ರು. ಅಷ್ಟೇ ಅಂದಿದ್ದು."

"ಇವತ್ತೇ ಬರ್ತೀನಿ."

ಅವಳು ಬೇಡವೆಂದು ತಲೆಯಾಡಿಸಿದಳು. ಭಾನುವಾರ ಅವರ ಬಡಾವಣೆ ಕ್ರಾನ್‌ಬರ್ನ್‌ನ ಸಮುದಾಯ ಭವನದಲ್ಲಿ ಅವಳು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ಆ ದಿನ ರೇಷ್ಮೆಯ ಬಗ್ಗೆ ನಾಲ್ಕು ಮಾತಾಡಲು ನನ್ನನ್ನು ಮೊದಲೇ ಕೇಳಿದ್ದಳು. "ಅಲ್ಲಿಗೇ ಬನ್ನಿ. ಅಪ್ಪನೂ ಬರ್ತಾರೆ. ಆಮೇಲೆ ಮನೆಗೆ ಊಟಕ್ಕೆ ಹೋಗೋಣ, ಅಲ್ಲಿ ನಿಧಾನಕ್ಕೆ ಮಾತಾಡಬಹುದು" ಎಂದಳು.

ಸುಲಭದ ದಾರಿಯನ್ನು ಅವಳೇ ತೋರಿಸಿದ್ದಳು. ಊಟವಾದ ಮೇಲೆ, ನಾಲ್ಕು ಗೋಡೆಯ ನಡುವೆ, ಮೆಲ್ಲಗೆ. ಆದರೆ ಅಂದು ನಾನು ಆಡಿದ್ದು ನಲವತ್ತು ಜನರ ಮುಂದೆ. ಕೋಣೆಯೊಳಗೆ ಗುಟ್ಟಾಗಿ ಹೇಳಿದರೆ ಅದು ಅರ್ಧ ಕ್ಷಮೆ. ಎಲ್ಲಿ ಹೇಳಬೇಕೆಂದು ಬಸ್ಸಿನಲ್ಲಿ ರೂಮಿಗೆ ವಾಪಸ್ಸು ಬರುವಾಗಲೇ ತೀರ್ಮಾನಿಸಿದೆ. ಮಧ್ಯದ ಮೂರು ದಿನ ತೀರ್ಮಾನ ಬದಲಾಯಿಸಲು ಕಾರಣ ಹುಡುಕುತ್ತಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಕ್ರಾನ್‌ಬರ್ನ್

ಭಾನುವಾರ ಬೆಳಿಗ್ಗೆ ಬಿಸಿಲು, ಹತ್ತು ಗಂಟೆಗೆ ಮಳೆ, ಹನ್ನೊಂದಕ್ಕೆ ಮೂಳೆ ಕೊರೆಯುವ ಗಾಳಿ. ಮೆಲ್ಬರ್ನ್‌ನಲ್ಲಿ ಯಾರೂ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಭವನದಲ್ಲಿ ಇಪ್ಪತ್ತೈದು ಮಕ್ಕಳು, ಅಷ್ಟೇ ತಂದೆತಾಯಂದಿರು. ವೆರಿಬೀಯಿಂದ ಊರಿನ ಆ ತುದಿ ಬಿಟ್ಟು ಈ ತುದಿಗೆ ಬಂದವರೂ ಇದ್ದರು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಕಿ ಟೋಪಿ, ದಪ್ಪ ಜಾಕೆಟ್ಟು ಹಾಕಿಕೊಂಡು ಮುನಿನಾರಾಯಣಪ್ಪನವರು ಕೂತಿದ್ದರು. ನನ್ನನ್ನು ಕಂಡೊಡನೆ ಎದ್ದು ಕೈ ಮುಗಿದರು. "ಚೆನ್ನಾಗಿದೀರಾ ಮೇಡಂ? ಚಳಿ ಜಾಸ್ತಿ ಇಲ್ಲಿ, ಶಾಲು ಹೊದ್ಕೊಳಿ" ಎಂದರು. ಅಷ್ಟು ಹೇಳಿ ಕೂತರು.

ರೇಷ್ಮೆ ಹುಳುವಿನ ಕಥೆ ಹೇಳಿದೆ. ಜ್ವರ, ಹಣ್ಣು ಎಂದಾಗ ಮಕ್ಕಳು ನಕ್ಕರು. ಆಮೇಲೆ ಆಫ್ರಿಕಾದ ಪತಂಗವನ್ನೂ ಅದರ ಚೀಟಿಯನ್ನೂ ಪರದೆಯ ಮೇಲೆ ದೊಡ್ಡದಾಗಿ ತೋರಿಸಿ, ಇದು ಎಲ್ಲಿಯದು ಹೇಳಿ ಎಂದೆ.

"ಸಿಡ್ನಿ! ಇಟ್ ಸೇಸ್ ಸಿಡ್ನಿ!" ಎಂದಳು ಎರಡು ಜಡೆಯ ಹುಡುಗಿ.

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣಮ್ಮ" ಎಂದೆ. ಪಕ್ಕದಲ್ಲಿ ಲೋಟವಿತ್ತು. ನೀರು ಕುಡಿಯಲಿಲ್ಲ, ಕುಡಿದರೆ ಹೇಳುವುದು ತಡವಾಗುತ್ತದೆ ಎಂದು.

ಎಲ್ಲವನ್ನೂ ಹೇಳಿದೆ. ಜೆರಾಕ್ಸ್, ಪುಸ್ತಕ, ಪರೀಕ್ಷೆ. "ಒಬ್ಬ ಹುಡುಗಿ ಎದ್ದು ನಿಂತು, ಇದು ಅಂಗಡಿ ಊರಿರಬಹುದು ಅಂತ ನನ್ನ ತಪ್ಪು ತಿದ್ದಿದಳು. ನಾನು ಅವಳಿಗೆ, ಮಾರ್ಕೆಟ್ ಬುದ್ಧಿ ಮಾರ್ಕೆಟ್ಟಲ್ಲೇ ಇರಲಿ ಅಂದೆ. ಎಲ್ಲರೂ ನಗೋ ಹಾಗೆ ಅಂದೆ. ಆ ಹುಡುಗಿ ನಿಮ್ಮ ಪುಷ್ಪಾ ಆಂಟಿ. ಆ ಬುದ್ಧಿ ಅವರಿಗೆ ಬಂದಿದ್ದು ಅವರ ತಂದೆಯಿಂದ. ಅವರು ಸಾವಿರಾರು ಚೀಟಿ ಬರೆದವರು. ಯಾವ ಚೀಟಿಯನ್ನ ಎಷ್ಟು ನಂಬಬೇಕು ಅಂತ ತಿಳಿದವರು. ಅದೂ ವಿಜ್ಞಾನವೇ. ಅವತ್ತು ಅದು ಇದ್ದದ್ದು ಅವರ ಹತ್ತಿರ, ನನ್ನ ಹತ್ತಿರ ಇರಲಿಲ್ಲ. ಮುನಿನಾರಾಯಣಪ್ಪನವರೇ, ನನ್ನದು ತಪ್ಪಾಯಿತು. ಕ್ಷಮಿಸಿ."

ಪುಷ್ಪಲತಾ ಕಿಟಕಿಯ ಕಡೆ ತಿರುಗಿದ್ದಳು. ಎರಡು ಜಡೆಯ ಹುಡುಗಿ, ಆಂಟಿಗೆ ಮಾರ್ಕ್ ವಾಪಸ್ ಸಿಗುತ್ತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸಿಕ್ಕಿತು ಎಂದೆ.

ಮುದುಕರು ಎದ್ದು, ಕುರ್ಚಿಗಳನ್ನು ಹಿಡಿದುಕೊಂಡು ಮುಂದೆ ಬಂದರು. ಟೋಪಿ ತೆಗೆದರು. ಪರದೆಗೆ ಹತ್ತಿರ ನಿಂತು ಚೀಟಿಯನ್ನು ಓದಿದರು.

"ಹಿಡಿದೋನ ಹೆಸರೇ ಬರ್ದಿಲ್ವಲ್ಲ ಇವನು. ನಾವು ರೈತನ ಹೆಸರು, ರೈತನ ಊರು ಮೊದ್ಲು ಬರೀತಿದ್ವಿ. ಆಮೇಲೆ ಲಾಟ್ ನಂಬರು" ಎಂದರು. ಪತಂಗವನ್ನು ನೋಡಿ, "ಇದು ಗೂಡು ಎಂಥದು ಕಟ್ಟುತ್ತೆ?" ಎಂದು ಕೇಳಿದರು.

"ಕಟ್ಟೋದೇ ಇಲ್ಲ, ಮಣ್ಣಿಗೆ ಇಳಿಯುತ್ತೆ."

"ಮತ್ತೆ ರೇಷ್ಮೆ ಅಂತ ಯಾಕಂದ್ರು?" ಎಂದು ಸ್ವಲ್ಪ ನಕ್ಕರು. ಮಕ್ಕಳೂ ನಕ್ಕರು. ಆಮೇಲೆ ಅವರು ನನ್ನ ಕಡೆ ತಿರುಗಿದರು. ನಗು ಇರಲಿಲ್ಲ. ಟೋಪಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು.

"ನಂದೂ ಒಂದು ತಪ್ಪಿದೆ ಮೇಡಂ. ಅವತ್ತು ಪ್ರಾಕ್ಟಿಕಲ್‌ಗೆ ಅಂತ ಆರಿಸಿ ಒಳ್ಳೆ ಗೂಡು ತಂದಿದ್ದೆ. ಸಿಟ್ಟಲ್ಲಿ ಚೀಲ ಕೊಡದೆ ಹಾಗೇ ವಾಪಸ್ ತಗೊಂಡ್ಹೋದೆ. ನಲವತ್ತು ಮಕ್ಕಳ ಪಾಠ ಕೆಟ್ಟಿತು. ನೀವು ಅಂದಿದ್ದು ನನ್ನ ಒಬ್ಬನ್ನ. ಮಕ್ಕಳೇನು ಮಾಡಿದ್ರು? ಇಷ್ಟು ವರ್ಷ ಅದು ಮನಸ್ಸಲ್ಲಿದೆ."

ಆ ದಿನದ ಪ್ರಾಕ್ಟಿಕಲ್ ನನಗೆ ಚೆನ್ನಾಗಿ ನೆನಪಿತ್ತು. ಗೂಡು ಬರಲೇ ಇಲ್ಲವೆಂದು ಕತ್ತರಿ, ತಟ್ಟೆಗಳನ್ನು ಮೇಜಿನಿಂದ ಎತ್ತಿಸಿದ್ದೆ. ಎತ್ತಿಸುವಾಗ, ಈ ಮಾರುಕಟ್ಟೆಯವರನ್ನು ನಂಬಿದರೆ ಇಷ್ಟೇ ಎಂದು ಅದೇ ಮಕ್ಕಳ ಮುಂದೆ ಇನ್ನೊಮ್ಮೆ ಬೈದಿದ್ದೆ. ಪುಷ್ಪಲತಾ ಅದನ್ನು ಕೆಫೆಯಲ್ಲಿ ಹೇಳಿರಲಿಲ್ಲ. ಆದರೆ ಅಂದು ಕೇಳಿಸಿಕೊಂಡಿದ್ದಳೆಂಬುದು ಕಿಟಕಿಯಿಂದ ತಿರುಗಿದ ಅವಳ ಮುಖದಲ್ಲೇ ಕಂಡಿತು. ಮುದುಕರಿಗೆ ಗೊತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ನಾನು ಅವರ ಕೈ ಹಿಡಿದು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಮತ್ತೆ ಎದ್ದು ನಿಂತು ಆ ಎರಡನೇ ಬೈಗುಳವನ್ನೂ ಎಲ್ಲರ ಮುಂದೆ ಹೇಳಿದೆ.